ಇಂದಿರಾನಗರದ ಫ್ಲ್ಯಾಟು, ಕುರುಬರ ಬಿಡಾರ

ಬೆಂಗಳೂರಿನ ಇಂದಿರಾನಗರ ಈಗ ಹುಡುಗರ ಪಾಲಿನ ದೊಡ್ಡ ಆಕರ್ಷಣೆ. ನೂರಡಿ ರಸ್ತೆ, 12ನೇ ಮೇನ್ ಅಂದ್ರೆ ಸಾಕು, ಕಣ್ಣರಳಿಸುತ್ತಾರೆ. ಕಾಫಿಗೊಂದು ಅಂಗಡಿ, ಕೇಕಿಗೊಂದು, ನಾಯಿಯ ಕೂದಲು ಕತ್ತರಿಸೋಕೆ ಇನ್ನೊಂದು. 2011ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಮೊದಲ ಮೆಟ್ರೊ ಓಡಿದ್ದೂ ಈ ದಾರಿಯಲ್ಲೇ, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ. ನನ್ನ ಮಗಳ ಬಾಡಿಗೆ ಫ್ಲ್ಯಾಟು ಇಲ್ಲೇ, ಮೂರನೇ ಮಹಡಿಯಲ್ಲಿ. ಶನಿವಾರ ರಾತ್ರಿ ಪಬ್ಬಿನ ಹಾಡಿನ ದಮ್ ದಮ್ ಮಂಚದ ಕಾಲಿಗೂ ತಟ್ಟುತ್ತೆ.

ನಮ್ಮದು ಧಾರವಾಡ ಜಿಲ್ಲೆಯ ಎರಿ ಹೊಲದ ಊರು. ಕಡಲೆ, ಜೋಳದ ಸುಗ್ಗಿ ಮುಗಿದು ಹೊಲ ಖಾಲಿಯಾದ ಮೇಲೆ ಚಿಕ್ಕೋಡಿ ಕಡೆಯ ಕುರುಬರು ಕುರಿ ಹೊಡಕೊಂಡು ಬರುತ್ತಾರೆ. ಕುದುರೆಯ ಮೇಲೆ ಪಾತ್ರೆ, ಹಾಸಿಗೆ, ಅದರ ಮೇಲೆ ಕಾಲು ಕಟ್ಟಿದ ಕೋಳಿ. ನಡೆಯಲಾರದ ಎಳೆ ಮರಿಗಳೂ ಅಲ್ಲೇ. ಹಗಲೆಲ್ಲ ಮೇಯಿಸಿ, ರಾತ್ರಿ ನಮ್ಮ ಹೊಲದಲ್ಲಿ ಬಲೆ ಕಟ್ಟಿ ಕುರಿ ತರುಬುತ್ತಾರೆ. ಹಿಕ್ಕೆ, ಗಂಜಲ ಎರಡೂ ನೇರ ಮಣ್ಣಿಗೆ. ಗಾಡಿ ಬಾಡಿಗೆಯಿಲ್ಲದೆ ಬರುವ ಗೊಬ್ಬರ. ಕುರಿ ಎಷ್ಟು, ರಾತ್ರಿ ಎಷ್ಟು ಅಂತ ಲೆಕ್ಕ ಹಾಕಿ ಕಾಳೋ ದುಡ್ಡೋ ಕೊಡುತ್ತೇವೆ.

ಇವರನ್ನು ಅಲೆಮಾರಿಗಳು ಅಂತ ಬರೆಯುವುದುಂಟು. ಆದ್ರೆ ನಮ್ಮಲ್ಲಿಗೆ ಬರುವವರು ವರ್ಷಾ ವರ್ಷಾ ಅದೇ ದಾರಿ, ಅದೇ ಹೊಲ ಹಿಡಿದು ಬರುವವರು. ಹೋದ ವರ್ಷ ಮೂರು ಕಲ್ಲಿಟ್ಟು ಒಲೆ ಹೂಡುತ್ತಿದ್ದ ಹೆಣ್ಣುಮಗಳು ತಲೆ ಎತ್ತಿ ಕೇಳಿದಳು, "ಯಕ್ಕಾ, ಮೂಡಲ ಬದುವಿನ ಬೇವಿನಗಿಡ ಎಲ್ಲಿ ಹೋತ್ರಿ?" ಗಾಳಿಗೆ ಬಿದ್ದು ಎರಡು ತಿಂಗಳಾಗಿತ್ತು. ಹುಬ್ಬಳ್ಳಿಯಲ್ಲಿರೋ ನಮ್ಮ ಮೈದುನ ಅಷ್ಟರಲ್ಲಿ ನಾಲ್ಕು ಸಲ ಹೊಲಕ್ಕೆ ಬಂದು ಹೋಗಿದ್ದ, ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಇತ್ತ ಮಗಳ ಕರಾರು 11 ತಿಂಗಳದ್ದು. ಬಾಡಿಗೆ ಕರಾರು ಒಂದು ವರ್ಷ ಮೀರಿದರೆ 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು, ಅದನ್ನು ತಪ್ಪಿಸೋಕೆ ಈ 11ರ ಉಪಾಯ. ಕರಾರು ಮುಗಿಯುತ್ತಲೇ ಬಾಡಿಗೆ ಏರುತ್ತೆ, ಇವಳು ಇಳಿಯುತ್ತಾಳೆ. ನಾಲ್ಕು ವರ್ಷದಲ್ಲಿ ಇಂದಿರಾನಗರದೊಳಗೇ ಇದು ಮೂರನೇ ಮನೆ. ಒಂದಷ್ಟು ಡಬ್ಬಿಗಳನ್ನಂತೂ ಬಿಚ್ಚೋದೇ ಇಲ್ಲ, ಬಾಗಿಲ ಹಿಂದೆ ಹಾಗೇ ಪೇರಿಸಿದ್ದಾಳೆ. ಎದುರು ಫ್ಲ್ಯಾಟಿನವರ ಹೆಸರು ಫೋನಿನ ಆ್ಯಪ್ ನೋಡಿಯೇ ಹೇಳಬೇಕು. ವರ್ಷಕ್ಕೆ ಎರಡು ತಿಂಗಳು ಅಲ್ಲಿರೋ ನನ್ನನ್ನು ಗೇಟಿನ ಹುಡುಗ ಇವತ್ತಿಗೂ "ವಿಸಿಟರಾ ಆಂಟಿ?" ಅಂತಲೇ ಕೇಳೋದು. ಪಾಪ, ಅವನೂ ಬಂದು ಮೂರೇ ತಿಂಗಳು!

ಹಾಗಂತ ಕುರುಬರ ಬದುಕು ಚೆಂದ ಅಂತ ನಾನು ಹಾಡಿ ಹೊಗಳಲಾರೆ. ಅಕಾಲದ ಮಳೆ ಬಂದರೆ ತಲೆ ಮೇಲೆ ಕಂಬಳಿಯೊಂದೇ. ರಾತ್ರಿ ತೋಳದ ಭಯ, ಅದಕ್ಕಿಂತ ಹೆಚ್ಚು ಕಳ್ಳರ ಭಯ. ಆ ಹೆಣ್ಣುಮಗಳು ದೊಡ್ಡ ಮಗನನ್ನು ಹಾಸ್ಟೆಲಿನಲ್ಲಿ ಬಿಟ್ಟು ಬಂದಿದ್ದಾಳೆ. "ಸಾಲಿ ಬಿಟ್ಟು ನಮ್ಮ ಹಿಂದ ಬಂದು ಏನ್ ಮಾಡ್ತಾನ್ರಿ" ಅಂದಳು. ಮಗಳ ಮನೆಯ ವಿಷಯ ಬಂದಾಗ ಅವಳು ಕೇಳಿದ್ದು ಒಂದೇ ಮಾತು, "ನೀರು ಮನಿಯೊಳಗ ಬರ್ತೈತೇನ್ರಿ?" ಬರುತ್ತೆ ಅಂದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಹಾಹಾಕಾರ ಎದ್ದಾಗ ಟ್ಯಾಂಕರಿಗೆ ಕಾದ ಕತೆಯನ್ನೂ ಹೇಳಿದೆ. ನಕ್ಕುಬಿಟ್ಟಳು.

ಈಗ ಆ ದಾರಿಯೇ ಕಿರಿದಾಗುತ್ತಿದೆ. ಪಕ್ಕದ ಹೊಲದವರು ಕೊಳವೆಬಾವಿ ಕೊರೆಸಿ ಕಬ್ಬು ಹಚ್ಚಿದ್ದಾರೆ, ಸುತ್ತ ತಂತಿ ಬೇಲಿ. ಬೇಸಿಗೆಯಲ್ಲೂ ಹಸಿರಿದ್ದರೆ ಕುರಿ ನಿಲ್ಲೋದೆಲ್ಲಿ? ಉಣ್ಣೆಗೂ ಬೆಲೆಯಿಲ್ಲ. ನಮ್ಮ ಮೈದುನನೂ ಬೋರು ಹಾಕಿಸೋಣ ಅಂತಿದ್ದಾನೆ. ಲೆಕ್ಕ ಹಾಕಿದರೆ ಅವನ ಮಾತು ತಪ್ಪಲ್ಲ, ಕಡಲೆಯಲ್ಲಿ ಏನು ಉಳಿಯುತ್ತೆ ಅಂತ ನನಗೂ ಗೊತ್ತು.

ಮೊನ್ನೆ ಕುರುಬರ ಹಿರಿಯನ ಫೋನ್ ಬಂತು. "ಯವ್ವಾ, ಈ ಸಲ ಹೊಲ ಖಾಲಿ ಐತೋ ಇಲ್ಲೋ?" ಖಾಲಿ ಐತಿ, ಬರ್ರಿ ಅಂದೆ. ಮುಂದಿನ ವರ್ಷದ್ದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.