ಮಧುವನಹಳ್ಳಿಯ ಸೀರೆ ಕೋಣೆ

ಕೊಳ್ಳೇಗಾಲದ ರೇಷ್ಮೆ ಸೀರೆಯನ್ನು ನೀವು ಉಟ್ಟಿರಬಹುದು, ಇಲ್ಲವೇ ಅಂಗಡಿಯಲ್ಲಿ ಬೆಲೆ ಕೇಳಿ ಮಡಿಸಿಟ್ಟು ಬಂದಿರಬಹುದು. ಆ ಊರಿನಿಂದ ಹನೂರಿನ ಹಾದಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಸಿಗುವ ಮಧುವನಹಳ್ಳಿಯನ್ನು ಮಾತ್ರ ಬಸ್ಸಿನ ಕಿಟಕಿಯಿಂದಲೇ ನೋಡಿ ಮುಂದೆ ಹೋಗಿರುತ್ತೀರಿ. ಮಾದಪ್ಪನ ಬೆಟ್ಟಕ್ಕೆ ಹೋಗುವ ಅವಸರದಲ್ಲಿ ನಡುವೆ ಇಳಿಯುವವರು ಯಾರು? ನಾನು ಇಳಿದೆ. ಅಕ್ಕನ ಮಗಳನ್ನು ಕೊಟ್ಟ ಊರು ಅದು.

ಅವಳು ಮನೆಯಲ್ಲೇ ಕುಳಿತು ಸೀರೆ ಮಾರುತ್ತಾಳೆ. ಫೋನಿನಲ್ಲಿ ವಿಡಿಯೋ ಮಾಡಿ ಹಾಕುತ್ತಾಳೆ, ದೂರದೂರದಿಂದ ಬೇಡಿಕೆ ಬರುತ್ತದೆ. ಸಂಘದಲ್ಲಿ ಸಾಲ ಎತ್ತಿ ಹೂಡಿದ ದುಡ್ಡು. ನಾನು ಹೋದ ದಿನ ಮುಖ ಸಪ್ಪಗಿತ್ತು. ಉಪ್ಸಾರು ಮುದ್ದೆ ಬಡಿಸುತ್ತಲೇ ಹೇಳಿದಳು: "ಏನ್ ಮಾಡದು ಚಿಕ್ಕವ್ವ, ನಾಲ್ಕು ಸೀರೆ ವಾಪಸ್ ಬಂದವೆ."

ಆದದ್ದಿಷ್ಟು. "ಈ ಸೀರೆ ಜೊತೆ ಬ್ಲೌಸ್ ಪೀಸ್ ಬರೋದಿಲ್ಲ" ಎಂದು ಇವಳು ಹೇಳಿದ್ದಾಳೆ. ಸರಿಯಾಗಿ ಆ ಗಳಿಗೆಗೆ ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆದಿದೆ. ಕೇಳಿದವರಿಗೆ "ಬರೋದು" ಅಷ್ಟೇ ಕೇಳಿಸಿದೆ! ನಮ್ಮ ಭಾಷೆಯಲ್ಲಿ "ಇಲ್ಲ" ಎನ್ನುವುದು ಮಾತಿನ ಬಾಲದಲ್ಲಿ ಬರುತ್ತದೆ ನೋಡಿ. ಬಾಲ ಮುಳುಗಿದರೆ ವ್ಯಾಪಾರವೂ ಮುಳುಗಿತು. ಮೋಸಗಾತಿ ಎಂದು ಒಬ್ಬರು ಬರೆದೇಬಿಟ್ಟಿದ್ದರು. ದುಡ್ಡು ಹೋದದ್ದಕ್ಕಿಂತ ಆ ಮಾತು ಅವಳನ್ನು ಹೆಚ್ಚು ಚುಚ್ಚಿತ್ತು.

ಹೊಸ ಮೈಕು ತರಿಸಬೇಕೆಂದು ಲೆಕ್ಕ ಹಾಕುತ್ತಿದ್ದಳು. ಮೊದಲು ಮನೆ ನೋಡೋಣ ಬಾ ಎಂದೆ. ನಡುಮನೆಯಲ್ಲಿ ನಿಂತು ಒಂದು ಚಪ್ಪಾಳೆ ಹೊಡೆದೆ. "ಟಣ್" ಎಂದು ಗೋಡೆಯಿಂದ ಗೋಡೆಗೆ ಬಡಿದು ಬಂತು. ನೆಲಕ್ಕೆ ಗ್ರಾನೈಟ್, ಮೇಲೆ ಆರ್‌ಸಿಸಿ, ಸಾಮಾನೆಂದರೆ ಎರಡು ಕುರ್ಚಿ. ನೋಡಲು ಚೆಂದ, ಮಾತಿಗೆ ಶತ್ರು. ಬೋಳು ಗೋಡೆ ದನಿಯನ್ನು ಹೀರುವುದಿಲ್ಲ, ಹಿಂದಕ್ಕೆ ಎಸೆಯುತ್ತದೆ. ಒಂದು ಅಕ್ಷರದ ಗುಂಗು ಮುಗಿಯುವ ಮೊದಲೇ ಮುಂದಿನದು ಬಂದು ಅದರ ಮೇಲೆ ಬೀಳುತ್ತದೆ. ಎದುರಿಗೆ ಕೂತವರಿಗೆ ಇದು ಅಷ್ಟಾಗಿ ತಿಳಿಯದು, ಎರಡು ಕಿವಿ ಸೇರಿ ಬೇಕಾದ್ದನ್ನು ಆರಿಸಿಕೊಳ್ಳುತ್ತವೆ. ಫೋನಿಗೆ ಆ ವಿವೇಕವಿಲ್ಲ, ಸಿಕ್ಕಿದ್ದನ್ನೆಲ್ಲ ಬಾಚಿಕೊಳ್ಳುತ್ತದೆ. ಸಾಲದ್ದಕ್ಕೆ ನೀವು ಮಾತು ನಿಲ್ಲಿಸಿದಾಗ ಎಷ್ಟೋ ಫೋನುಗಳು ತಾವಾಗಿ ದನಿ ಏರಿಸಿಕೊಂಡು ಫ್ಯಾನಿನ ಗೊರಗೊರವನ್ನೂ ಎತ್ತಿ ತೋರಿಸುತ್ತವೆ.

ಅಡುಗೆಮನೆಯಲ್ಲಿ ಫ್ರಿಜ್ಜು. ಜಗಲಿಯಲ್ಲಿ ರಸ್ತೆ, ಜೊತೆಗೆ ಪಕ್ಕದ ಮನೆಯ ಮಗ್ಗದ ಲಟಪಟ. ಕೊನೆಗೆ ಸೀರೆ ತುಂಬಿಟ್ಟ ಸಣ್ಣ ಕೋಣೆಗೆ ಹೋದೆವು. ಅಲ್ಲಿ ಚಪ್ಪಾಳೆ ಹೊಡೆದರೆ ಸದ್ದು ಅಲ್ಲೇ ಸತ್ತಿತು. ಬಟ್ಟೆಯ ರಾಶಿ, ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ, ಕೌದಿ ಎಲ್ಲವೂ ದನಿಯನ್ನು ಹೀರುತ್ತವೆ. ಕಿಟಕಿಗೆ ಒಂದು ದಪ್ಪ ಕಂಬಳಿ ಕಟ್ಟಿದೆವು, ಹಗ್ಗದ ಮೇಲೆ ಹಳೆಯ ರಗ್ಗು ಇಳಿಬಿಟ್ಟೆವು. ಖರ್ಚು ಸೊನ್ನೆ. ಕಂಬಳಿ ಹೊರಗಿನ ಹಾರನ್ನನ್ನು ಪೂರ್ತಿ ತಡೆಯುವುದಿಲ್ಲ, ಅದಕ್ಕೆ ಗಟ್ಟಿ ಗೋಡೆ, ಸಂದಿಲ್ಲದ ಬಾಗಿಲೇ ಬೇಕು. ಒಳಗಿನ ಗುಂಗನ್ನು ಮಾತ್ರ ಚೆನ್ನಾಗಿ ಅಡಗಿಸುತ್ತದೆ. ಹೊರಗಿನದಕ್ಕೆ ಹೊತ್ತು ನೋಡಿಕೊಳ್ಳಬೇಕು. ಮಧ್ಯಾಹ್ನ ಪಕ್ಕದವರು ಊಟಕ್ಕೆ ಎದ್ದಾಗ ಮಗ್ಗ ಸುಮ್ಮನಿರುತ್ತದಲ್ಲ, ಆ ಅರ್ಧ ಗಂಟೆ ಇವಳದು.

ಫೋನನ್ನು ಒಂದು ಗೇಣು ದೂರಕ್ಕೆ ತಂದೆವು. ಬಯಲಿನಲ್ಲಿ ದೂರ ಎರಡರಷ್ಟಾದರೆ ಮಾತಿನ ಬಲ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮನೆಯೊಳಗೆ ಗುಂಗು ಮಾತ್ರ ಎಲ್ಲೆಡೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅದಕ್ಕೇ ಆರಡಿ ಆಚೆ ಫೋನಿಟ್ಟು ಕೂಗಿದರೂ ಪ್ರಯೋಜನವಿಲ್ಲ.

ಆದರೆ ಸೀರೆ ಕೋಣೆ ಕತ್ತಲು! ಲೈಟು ಹಾಕಿದರೆ ಮಾವಿನ ಚಿಗುರಿನ ಬಣ್ಣ ಇಟ್ಟಿಗೆಯ ಹಾಗೆ ಕಾಣುತ್ತದೆ, ಬಣ್ಣ ಬೇರೆ ಎಂದು ಮತ್ತೆ ಸೀರೆ ವಾಪಸ್ಸು. ಇದಕ್ಕೆ ದಾರಿ ಹುಡುಕಿದವಳು ಅವಳೇ. ಚಿತ್ರ ಬೆಳಿಗ್ಗೆ ಜಗಲಿಯ ಬೆಳಕಿನಲ್ಲಿ, ಮಾತು ಮಧ್ಯಾಹ್ನ ಕೋಣೆಯಲ್ಲಿ, ಆಮೇಲೆ ಎರಡನ್ನೂ ಫೋನಿನಲ್ಲೇ ಜೋಡಿಸುವುದು. ನನಗೆ ಇದು ಹೊಳೆದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಮನೆಯ ಕೋಣೆಯಿಂದ ಏನಾದೀತು ಎಂದು ಮೂಗು ಮುರಿಯಬೇಡಿ. ನಮ್ಮ ಮೈಸೂರಿನಲ್ಲೇ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ರೇಡಿಯೋ ನಿಲಯ ನಡೆಸಿದರು. ಆಕಾಶವಾಣಿ ಎಂಬ ಹೆಸರು ಹೊತ್ತದ್ದು ಆ ನಿಲಯವೇ.

ಹಾಗೆಂದು ಎಲ್ಲ ಸದ್ದನ್ನೂ ಹೊರಗಟ್ಟಬೇಕಿಲ್ಲ. ಅವಳು ಈಗ ಪಾಡ್‌ಕಾಸ್ಟ್ ಎಂದು ಬರೀ ಮಾತಿನ ಕಾರ್ಯಕ್ರಮವನ್ನೂ ಶುರುಮಾಡಿದ್ದಾಳೆ. ಸಂಜೆ ನನ್ನನ್ನು ಹತ್ತಿರದ ಹುಳು ಮನೆಗೆ ಕರೆದೊಯ್ದಳು. (ಅಲ್ಲಿಗೆ ಸೆಂಟು ಹಚ್ಚಿಕೊಂಡು ಹೋಗಬೇಡಿ, ರೇಷ್ಮೆ ಹುಳುವಿಗೆ ಆಗದು.) ನಾಲ್ಕನೇ ಜ್ವರದಿಂದ ಎದ್ದ ಹುಳುಗಳು ಹಿಪ್ಪುನೇರಳೆ ಸೊಪ್ಪು ಮೇಯುತ್ತಿದ್ದವು. ತಮ್ಮ ಬಾಳಿನ ಸೊಪ್ಪಿನಲ್ಲಿ ಬಹುಪಾಲನ್ನು ಅವು ತಿನ್ನುವುದು ಈ ದಿನಗಳಲ್ಲೇ. ಕಣ್ಣು ಮುಚ್ಚಿದರೆ ಹಂಚಿನ ಮೇಲೆ ಜಡಿಮಳೆ ಹನಿಸುತ್ತಿರುವಂತೆ ಸಳಸಳ. ಉಸಿರು ಬಿಗಿಹಿಡಿದು ಅರ್ಧ ನಿಮಿಷ ಅದನ್ನು ಹಿಡಿದಳು. ಮೊದಲು ಈ ಮಳೆ, ಆಮೇಲೆ ಮಗ್ಗದ ನಾಲ್ಕು ಏಟು, ಅದು ನಿಂತ ಮೇಲೆ ಅವಳ ಮಾತು. ಹೀಗೆ ಜೋಡಿಸಿ ರಾತ್ರಿ ನನಗೆ ಇಯರ್‌ಫೋನು ಕೊಟ್ಟಳು. "ಬರೋದಿಲ್ಲ" ಎಂಬ ಮಾತು ಬಾಲಸಮೇತ ಕೇಳಿಸಿತು! ಸೀರೆ ಹಿಂದಿರುಗಿಸಿದವರಿಗೆಲ್ಲ ಅದನ್ನೇ ಕಳಿಸಿದಳು. ಮೋಸಗಾತಿ ಎಂದಿದ್ದವರು ಆ ಮಾತನ್ನು ಅಳಿಸಿದರು. ಸೀರೆಯನ್ನೇನೂ ಮತ್ತೆ ಕೊಳ್ಳಲಿಲ್ಲ.

ನೀವೂ ಮನೆಯಿಂದ ಉಪ್ಪಿನಕಾಯಿಯನ್ನೋ ಹಪ್ಪಳವನ್ನೋ ಮಾರುವವರಾದರೆ ಮೈಕಿಗೆ ದುಡ್ಡು ಸುರಿಯುವ ಮುಂಚೆ ಒಂದೊಂದು ಕೋಣೆಯಲ್ಲೂ ಚಪ್ಪಾಳೆ ಹೊಡೆದು ನೋಡಿ.

ಮಾರನೇ ದಿನ ಬಸ್ಸು ಹತ್ತಿ ಕೂತಿದ್ದೆ. ಫೋನು ಬಂತು. ಆ ಕಡೆ ಯಾವುದೋ ಗಾಡಿ ಒಂದೇ ಸಮನೆ ಅರಚುತ್ತಿತ್ತು. "ಇರಿ ಚಿಕ್ಕವ್ವ, ಅದು ಹೋಗ್ಲಿ, ಆಮೇಕೆ ಹೇಳ್ತೀನಿ" ಎಂದಳು.