ಗುಂಪು ಮಾಡಿದ್ದು ಯಾರು?

ಕಳೆದ ವರ್ಷ ಒಂದು ಆಯುರ್ವೇದ ಶಿಬಿರದ ಸುದ್ದಿ ಬರೆದಿದ್ದೆ: ಭಸ್ಮ ತಗೊಂಡವರ ಶುಗರ್ ಇಳಿದಿದೆ, ತಗೊಳ್ಳದವರದು ಇಳಿದಿಲ್ಲ. ಮೂರು ಕಾಲಂ ಬಂತು. ಓದಿದ ನಮ್ಮ ಸೋದರತ್ತೆ ಡಾಕ್ಟರ್ ಕೊಟ್ಟ ಮಾತ್ರೆ ಬಿಟ್ಟು ಭಸ್ಮ ಹಿಡಿದರು. ಆಗ ನನಗೆ ಭಯವಾಯಿತು.

ಎರಡು ಗುಂಪು ಮಾಡಿದ್ದು ಯಾರು, ಹೇಗೆ ಅಂತ ನಾನು ಕೇಳಿರಲೇ ಇಲ್ಲ. ಆಮೇಲೆ ವಿಚಾರಿಸಿದರೆ, ಕಾಯಿಲೆ ಈಗಷ್ಟೇ ಶುರುವಾದವರಿಗೆ ಭಸ್ಮ. ಹಳೇ ರೋಗಿಗಳೆಲ್ಲ ಇನ್ನೊಂದು ಪಟ್ಟಿಗೆ!

ಭಸ್ಮದ ಮೂಲವಾದ ರಸಶಾಸ್ತ್ರದಲ್ಲೂ ಗುಂಪುಗಳಿವೆ. ರಸರತ್ನಸಮುಚ್ಚಯದಲ್ಲಿ ಅಭ್ರಕ ಮಹಾರಸ, ಗಂಧಕ ಉಪರಸ. ಪಾದರಸ ತೆಗೆಯುವುದೇ ಹಿಂಗುಲದಿಂದ, ಆದರೂ ಅದು ಕವಡೆಯ ಜೊತೆ ಸಾಧಾರಣ ರಸದಲ್ಲಿ ಕೂತಿದೆ. ರಸಾರ್ಣವದಲ್ಲಿ ಅದೇ ಹಿಂಗುಲ ಮಹಾರಸ. ಪಾದರಸದ ಕೆಲಸಕ್ಕೆ ಯಾವುದು ಎಷ್ಟು ಒದಗುತ್ತದೆ ಎಂದು ನೋಡಿ, ಬಲ್ಲವರು ತಮ್ಮ ಅನುಭವದಂತೆ ವಿಂಗಡಿಸಿದ್ದು. ಖನಿಜಕ್ಕೆ ಅದು ಸರಿ.

ರೋಗಿಗಳಿಗೆ ಹಾಗೆ ಮಾಡಿದರೆ ಕೆಟ್ಟಿತು. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ 107 ಕ್ಷಯರೋಗಿಗಳನ್ನು ವಿಂಗಡಿಸಿದ್ದು ವೈದ್ಯರಲ್ಲ, ಮುಚ್ಚಿದ ಲಕೋಟೆಯೊಳಗಿನ ಚೀಟಿ. ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ 4 ಸಾವು; ಬರೀ ವಿಶ್ರಾಂತಿಯಲ್ಲಿದ್ದ 52 ಜನರಲ್ಲಿ 14.

ಅತ್ತೆಗೆ ಫೋನ್ ಮಾಡಿ, ಮಾತ್ರೆ ಬಿಡಬೇಡಿ ಅಂದೆ.

"ಪೇಪರಲ್ಲಿ ಬರೆದವನು ನೀನೇ ಅಲ್ವೇನೋ?" ಅಂದರು.