ಜೀಪಿನ ಹೊಗೆಯೂ ನನ್ನ ಬಿ.ಎ. ಪದವಿಯೂ

ಅಡುಗೆಮನೆಯವಳು ಎಂಜಿನ್ನಿನ ಬಗ್ಗೆ ಏನು ಬರೆದಾಳು ಎಂದು ನಗಬೇಡಿ, ಮಕ್ಕಳೇ. ಕಳೆದ ಯುಗಾದಿ ಕಾರ್ಯಕ್ರಮದಲ್ಲಿ ಮೆಕ್ಯಾನಿಕಲ್ ಓದುತ್ತಿರುವ ನಮ್ಮ ಸಂಘದ ಹುಡುಗನೊಬ್ಬ, "ಆಂಟೀ, ನಿಮ್ಮ ಮನೆಯ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸಿದ್ದರಂತೆ, ಹೌದಾ?" ಎಂದು ಕೇಳಿದ. ಹೌದಪ್ಪಾ ಎಂದೆ. ಆದರೆ ಆ ಕತೆಯಲ್ಲಿ ಎಂಜಿನ್ನಿಗಿಂತ ಮ್ಯಾನಿಫೋಲ್ಡ್ ಎಂಬ ಕಬ್ಬಿಣದ ತುಂಡಿನದೇ ದೊಡ್ಡ ಪಾತ್ರ. ಊಟದ ಸಾಲಿನಲ್ಲಿ ನಿಂತು ಹೇಳುವಂಥ ಕತೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಧಾರವಾಡದಲ್ಲಿ ಇಂಗ್ಲಿಷ್ ವಿಷಯದಲ್ಲಿ ಬಿ.ಎ. ಮುಗಿಸಿ, 1991ರಲ್ಲಿ ಮದುವೆಯಾಗಿ ಪುಣೆಗೆ ಬಂದವಳು. ನಮ್ಮವರದು ಭೋಸರಿಯಲ್ಲಿ ಒಂದು ಸಣ್ಣ ವರ್ಕ್‌ಶಾಪು. ಸಾಮಾನು ಸಾಗಿಸಲು ಹರಾಜಿನಲ್ಲಿ ಕೊಂಡ ಹಳೆಯ ಜೀಪು ಇತ್ತು. ಅದು ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು. ಆಗ ಡೀಸೆಲ್ ಬೆಲೆ ಪೆಟ್ರೋಲಿನ ಅರ್ಧದಷ್ಟೂ ಇರಲಿಲ್ಲ. ಹೀಗಾಗಿ ಜೀಪು, ಅಂಬಾಸಿಡರ್‌ಗಳಿಗೆ ಮೆಟಡಾರ್ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ಇಲ್ಲೇ ಆಕುರ್ಡಿಯ ಬಜಾಜ್ ಟೆಂಪೋ ಕಂಪನಿ (2005ರಿಂದ ಇದರ ಹೆಸರು ಫೋರ್ಸ್ ಮೋಟರ್ಸ್) ಜರ್ಮನಿಯ ಮರ್ಸಿಡಿಸ್ ಬೆಂಜ್‌ನ ಲೈಸೆನ್ಸ್ ಪಡೆದು ತಯಾರಿಸುತ್ತಿದ್ದ ನಾಲ್ಕು ಸಿಲಿಂಡರಿನ ಎಂಜಿನ್ ಅದು. 1995ರಲ್ಲಿ ನಮ್ಮವರೂ ಅಂಥದೊಂದನ್ನು ಕೊಂಡರು. ಆರ್.ಟಿ.ಓ. ಒಪ್ಪಿಗೆಯೂ ಸಿಕ್ಕಿತು.

ಎಂಜಿನ್ನಿನ ನಾಲ್ಕು ಸಿಲಿಂಡರುಗಳಿಂದ ಬರುವ ಬಿಸಿ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಪೈಪಿಗೆ ಕಳಿಸುವುದು ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಕೆಲಸ. ಬೀಡುಕಬ್ಬಿಣದ್ದು. ಹಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಇದರ ಬಿಸಿಯಿಂದಲೇ ಒಳಬರುವ ಪೆಟ್ರೋಲು ಆವಿಯಾಗಲು ಸಹಾಯವಾಗುತ್ತಿತ್ತು. ಡೀಸೆಲ್ ಎಂಜಿನ್ನಿಗೆ ಅದು ಬೇಡ. ಅದು ಬರೀ ಗಾಳಿಯನ್ನು ಎಳೆದುಕೊಂಡು, ಇಪ್ಪತ್ತು ಪಟ್ಟಿಗೂ ಹೆಚ್ಚು ಒತ್ತಿ, ಕಾದ ಗಾಳಿಗೆ ಡೀಸೆಲ್ ಸಿಂಪಡಿಸಿ ಉರಿಸುತ್ತದೆ. ಆದ್ದರಿಂದ ಜೀಪಿನ ಹಳೆಯ ಮ್ಯಾನಿಫೋಲ್ಡ್ ಹೊಸ ಎಂಜಿನ್ನಿಗೆ ಹೊಂದುವಂತಿರಲಿಲ್ಲ. ಹೊಸದರ ಮ್ಯಾನಿಫೋಲ್ಡೋ, ಬಲಗಡೆ, ಸರಿಯಾಗಿ ಸ್ಟೇರಿಂಗಿನ ಕಂಬದ ಕಡೆಗೇ ಬಂದು ಕುಳಿತಿತು! ಮಿಸ್ತ್ರಿ ಅದರ ಬಾಯಿಗೆ ಪೈಪಿನ ತುಂಡುಗಳನ್ನು ವೆಲ್ಡ್ ಮಾಡಿ, ಸ್ಟೇರಿಂಗ್ ತಪ್ಪಿಸಿ ಸೊಟ್ಟಗೆ ತಿರುಗಿಸಿ, ಪೈಪನ್ನು ಚಾಸಿಗೆ ಬಿಗಿದುಬಿಟ್ಟ. ಗಾಡಿ ಓಡಿತು. ಎಲ್ಲರೂ ಪೇಢೆ ತಿಂದೆವು.

ದೀಪಾವಳಿಗೆ ಎರಡು ದಿನ ಮೊದಲು, ಬೆಳಿಗ್ಗೆ ಜೀಪು ಶುರು ಮಾಡಿದಾಗ ನನಗೊಂದು ಸಪ್ಪಳ ಕೇಳಿಸಿತು. ಕುಕ್ಕರಿನ ಗ್ಯಾಸ್ಕೆಟ್ ಸೋತಾಗ ಬರುತ್ತದಲ್ಲ, ಅಂಥ ಪುಸ್ ಪುಸ್. ಹೇಳೋಣವೆನಿಸಿತು. 'ಇವಳಿಗೇನು ಗೊತ್ತು' ಎಂದು ನಕ್ಕಾರೆಂದು ಸುಮ್ಮನಾದೆ.

ಸವದತ್ತಿಯ ಕಡೆಯ ನಮ್ಮ ಅತ್ತೆಯ ಮನೆಗೆ ನಸುಕಿನಲ್ಲೇ ಹೊರಟೆವು. ಚಳಿಯೆಂದು ಜೀಪಿನ ಪರದೆಗಳನ್ನೆಲ್ಲ ಕಟ್ಟಿದ್ದೆವು. ಸಾತಾರಾ ದಾರಿಯ ಖಂಬಾಟ್ಕಿ ಘಾಟ್ ಏರುವಾಗ ಎಂಜಿನ್ನಿಗೆ ಭಾರ ಬಿದ್ದು, ಒಳಗೆಲ್ಲ ಹೊಗೆ ತುಂಬಿತು. ನನ್ನ ತೊಡೆಯ ಮೇಲಿದ್ದ ಎರಡು ವರ್ಷದ ಮಗಳು ಕೆಮ್ಮಿ, ವಾಂತಿ ಮಾಡಿ, ಕತ್ತು ವಾಲಿಸಿದಳು. ಗಾಡಿ ನಿಲ್ಲಿಸಿ ಅವಳನ್ನು ಎತ್ತಿಕೊಂಡು ಬಯಲಿಗೆ ಓಡಿದೆ. ಲಾರಿ ಡ್ರೈವರೊಬ್ಬ ನೀರು ತಂದುಕೊಟ್ಟ. ಅರ್ಧ ಗಂಟೆಯ ಮೇಲೆ ಅವಳು ಕಣ್ಣು ಬಿಟ್ಟು "ಅವ್ವಾ" ಎಂದಾಗಲೇ ನನಗೆ ಜೀವ ಬಂದದ್ದು.

"ಎರಡು ದಿನದಿಂದ ಸಪ್ಪಳ ಕೇಳಸ್ತಿತ್ರೀ," ಎಂದೆ.

"ಮತ್ಯಾಕ ಹೇಳಲಿಲ್ಲ?"

"ನೀವು ನಗತೀರಂತ."

ಅವರು ನಗಲಿಲ್ಲ. ಪರದೆಗಳನ್ನು ಬಿಚ್ಚಿ ಮೆಲ್ಲಗೆ ಪುಣೆಗೆ ಮರಳಿದೆವು. ಆ ವರ್ಷ ಹಬ್ಬ ಆಗಲಿಲ್ಲ.

ಬಿಚ್ಚಿ ನೋಡಿದರೆ ವೆಲ್ಡಿಂಗ್ ಸೀಳಿತ್ತು. ಎಂಜಿನ್ ರಬ್ಬರಿನ ಮೇಲೆ ಕುಳಿತು ಅಲುಗುತ್ತದೆ. ಪೈಪನ್ನು ಚಾಸಿಗೆ ಗಟ್ಟಿಯಾಗಿ ಬಿಗಿದರೆ ನಡುವಿನ ಜೋಡಣೆ ಒಡೆಯಲೇಬೇಕು. ನಮ್ಮವರು ನಾನಾ ಪೇಠೆಯ ಅಂಗಡಿಗಳನ್ನೂ ಜೂನಾ ಬಜಾರನ್ನೂ ಸುತ್ತಿ, ಅದೇ ಎಂಜಿನ್ ಇರುವ ಬೇರೆ ಗಾಡಿಯ ಮ್ಯಾನಿಫೋಲ್ಡ್ ತಂದರು. ಅದರ ಬಾಯಿ ಹಿಂದಕ್ಕೆ ತಿರುಗಿತ್ತು. ಜೊತೆಗೆ ಎಣ್ಣೆ ಮೆತ್ತಿದ ಒಂದು ಇಂಗ್ಲಿಷ್ ಪುಸ್ತಕ, ರಿಪೇರಿಯದು. "ನೀ ಇಂಗ್ಲಿಷ್ ಬಿ.ಎ. ಅಲ್ಲೇನು? ಓದು," ಎಂದು ನನ್ನ ಕೈಗಿಟ್ಟರು. ನಾಲ್ಕು ವರ್ಷ ಟ್ರಂಕಿನಲ್ಲಿ ಮಲಗಿದ್ದ ಪದವಿಗೆ ಅಂತೂ ಕೆಲಸ ಸಿಕ್ಕಿತು!

ತಂದ ಮ್ಯಾನಿಫೋಲ್ಡಿನ ಮುಖ ಬಿಸಿಗೆ ಬಾಗಿತ್ತು. ಎರಡು ಗ್ಯಾಸ್ಕೆಟ್ ಹಾಕಿ ಬಿಗಿದರಾಯಿತು ಎಂದ ಮಿಸ್ತ್ರಿ. ಮುಖವನ್ನು ಉಜ್ಜಿ ಸಮ ಮಾಡಬೇಕೆಂದು ಪುಸ್ತಕ ಹೇಳುತ್ತಿತ್ತು. ನನ್ನ ಹರಕು ಮರಾಠಿಯಲ್ಲಿ ಹೇಗೆ ಹೇಳುವುದು? "ಒಣಗಿದ ಭಾಕರಿಯ ಅಂಚು ಮೇಲೆದ್ದಹಾಗೆ ಎದ್ದಿದೆ, ಕೆಳಗೆ ಎಷ್ಟು ಬಟ್ಟೆ ಹಾಸಿದರೂ ಭಾಕರಿ ನೆಟ್ಟಗಾದೀತೇ?" ಎಂದೆ. ಆತ ಒಂದು ಗಳಿಗೆ ಸುಮ್ಮನಿದ್ದು, "ಬರೋಬರ್ ಆಹೇ, ವಹಿನೀ," ಎಂದು ಅದನ್ನು ಗ್ರೈಂಡಿಂಗಿಗೆ ಕಳಿಸಿದ. ನಟ್ಟುಗಳನ್ನು ನಡುವಿನಿಂದ ಆರಂಭಿಸಿ ಎರಡೂ ತುದಿಗಳತ್ತ ಹಂತಹಂತವಾಗಿ ಬಿಗಿಯಬೇಕೆಂದು ನಾನು ಗತ್ತಿನಿಂದ ಓದಿದಾಗ ಮಾತ್ರ ಆತ ನಕ್ಕ. ಅದು ಅವನ ಕೈಗೆ ಎಂದೋ ಗೊತ್ತಿತ್ತು. ಪೈಪನ್ನು ಈ ಸಲ ರಬ್ಬರಿನ ತೂಗುಪಟ್ಟಿಗೆ ನೇತುಹಾಕಿದರು. ಮುಂದೆ ಒಂಬತ್ತು ವರ್ಷ ಅದೇ ಜೀಪು ಆ ಘಾಟನ್ನು ಎಷ್ಟೋ ಬಾರಿ ಏರಿಳಿಯಿತು.

2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಡೀಸೆಲ್ ಹೊಗೆ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ಸಾರಿತು. ಪೇಪರಿನಲ್ಲಿ ಅದನ್ನು ಓದಿದ ದಿನ, ಕಾಲೇಜಿನಿಂದ ಬಂದ ಮಗಳ ತಲೆ ಸವರಿದೆ. ಏಕೆಂದು ಅವಳಿಗೆ ತಿಳಿಯಲಿಲ್ಲ.

ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್ ಎಂದು ನೀವು ಬೇಸರಪಡುತ್ತೀರಿ. ಆ ದಿನ ನಮಗೆ ಮೂರೂ ಬೇಕಾದವು. ಕುಕ್ಕರೂ ಭಾಕರಿಯೂ ಬೇಕಾದವು. ಕಲಿತದ್ದು ಯಾವುದೂ ದಂಡವಲ್ಲ. ಆದರೆ ಎಲ್ಲೋ ಸಪ್ಪಳ ಕೇಳಿಸಿತೆಂದರೆ, ಯಾರು ನಕ್ಕರೂ ಸರಿ, ಬಾಯಿಬಿಟ್ಟು ಹೇಳಿ. ನಾನು ಹೇಳಲಿಲ್ಲ, ಖಂಬಾಟ್ಕಿ ಘಾಟಿನ ಆ ಅರ್ಧ ಗಂಟೆ ಇಂದಿಗೂ ನನ್ನನ್ನು ಬಿಟ್ಟಿಲ್ಲ.